ಅತಿಥಿಗಳ ಕುರ್ಚಿಯಿಂದ ಕಂಡ ಕೈಗಳು

ಝಳಕಿ

ಝಳಕಿ ಬಿಟ್ಟು ಸೊಲ್ಲಾಪುರದ ಕಡೆ ಸಾಕಷ್ಟು ದೂರ ಹೋದ ಮೇಲೆ ನೆನಪಾಯಿತು. ಶೇಂಗಾ ಹೋಳಿಗೆಯ ಡಬ್ಬಿ ನಾವು ಚಹಾ ಕುಡಿದ ಡಾಬಾದ ಬೆಂಚಿನ ಮೇಲೆಯೇ ಉಳಿದಿತ್ತು. ನಮ್ಮ ಮನೆಯವರು ಸಿಂದಗಿ ಕೋರ್ಟಿನಲ್ಲಿ ವಕೀಲರು. ಗಾಡಿ ನಡೆಸುವಾಗಲೂ ವಾದ ಬಿಡುವುದಿಲ್ಲ.

“ಬಿಡು ಅತ್ಲಾಗ. ಚಾಕಲೇಟಿನ ದೇಶಕ್ಕ ಹೊಂಟೀದಿ. ನಿನ್ನ ಹೋಳಿಗಿ ಅಲ್ಲಿ ಯಾರ್ ಮೂಸಿ ನೋಡ್ತಾರ?”

“ಗೌರಿ ಹುಣ್ಣಿವಿ ಬಂತು. ತಂಗಿ ಮನಿಗೆ ಬರಿಗೈಲೆ ಹೋಗ್ಲೇನ್ರಿ? ತಿರುಗಸ್ರಿ ಗಾಡಿ.”

“ರೈಲು ತಪ್ಪಿದ್ರ?”

“ತಪ್ಪಂಗಿಲ್ಲ. ತಿರುಗಸ್ರಿ.”

ಡಬ್ಬಿ ಸಿಕ್ಕಿತು. ನಾಯಿ ಮುಟ್ಟಬಾರದೆಂದು ಡಾಬಾದವರು ಅದರ ಮೇಲೊಂದು ಇಟ್ಟಿಗೆ ಹೇರಿ ಇಟ್ಟಿದ್ದರು. ಅಷ್ಟು ಹಟ ಮಾಡಿ ಒಯ್ದ ಆ ಡಬ್ಬಿಯೇ ನನ್ನ ತಂಗಿಯ ಕೊರಳಿಗೆ ಬರುತ್ತದೆಂದು ತಿಳಿದಿದ್ದರೆ ನಾಯಿಗೇ ಬಿಟ್ಟು ಹೋಗುತ್ತಿದ್ದೆ.

ತಂಗಿ ಶಶಿಕಲಾ. ನಾವಿಬ್ಬರೂ ಬಸವನ ಬಾಗೇವಾಡಿ ತಾಲೂಕಿನ ಮಸೂತಿಯವರು. ಅಪ್ಪ ನಮ್ಮನ್ನು ವಿಜಯಪುರದ ಕಾನ್ವೆಂಟಿನಲ್ಲಿ ಇಟ್ಟು ಓದಿಸಿದ. ನಾನು ಅಲ್ಲಿ ಇಂಗ್ಲಿಷನ್ನೂ ಕಸೂತಿಯನ್ನೂ ಕಲಿತು, ಮದುವೆಯಾಗಿ ಸಿಂದಗಿಗೆ ಬಂದೆ. ಅವಳು ಸಿಸ್ಟರುಗಳ ಬೆನ್ನು ಹತ್ತಿ ನರ್ಸಿಂಗ್ ಓದಿದಳು. ಅವರ ಪರಿಚಯದ ಮೇಲೆ ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ವೃದ್ಧಾಶ್ರಮಕ್ಕೆ ಕೆಲಸಕ್ಕೆ ಹೋದಳು. ಹೋದವಳು ಅಲ್ಲೇ ನಿಂತಳು, ಮದುವೆಯ ಮಾತು ಎತ್ತಿದರೆ ನಕ್ಕು ಫೋನ್ ಇಡುತ್ತಿದ್ದಳು. ಈಗ ಆ ದೇಶದ ಪೌರಳಾಗಲು ಅರ್ಜಿ ಹಾಕಿದ್ದಳು.

“ಸರಕಾರ ಒಂದ ಅಲ್ಲ ಅಕ್ಕಾ, ಮೊದಲ ಊರು ಒಪ್ಪಬೇಕು,” ಎಂದು ಫೋನಿನಲ್ಲಿ ಹೇಳಿದ್ದಳು. “ಊರ ಮಂದಿ ಸಾಲಿಯೊಳಗ ಕೂಡತಾರ. ನನ್ನ ಹೆಸರು ಓದತಾರ. ಆಮ್ಯಾಲ ನನ್ನ ಹೊರಗ ಕಳಿಸಿ ಕೈ ಎತ್ತತಾರ. ನೀ ಬಾ. ನಮ್ಮವರು ಒಬ್ರರ ಒಳಗ ಇರಬೇಕು.”

ಜ್ಯೂರಿಕ್

ನನ್ನ ಪೆಟ್ಟಿಗೆಯೊಂದನ್ನು ವಿಮಾನ ನಿಲ್ದಾಣದಲ್ಲಿ ತೆರೆಸಿದರು. ಅದರಲ್ಲಿ ಹತ್ತಿಯಲ್ಲಿ ಸುತ್ತಿದ ಸಕ್ಕರೆ ಆರತಿ ಇತ್ತು. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಅಚ್ಚಿನಲ್ಲಿ ಹೊಯ್ದು ಮಾಡುವ ಆನೆ, ಒಂಟೆ, ನವಿಲು. ಬೆಳ್ಳಗೆ, ಗಟ್ಟಿಯಾಗಿ, ಸುಣ್ಣದ ಗೊಂಬೆಗಳಂತೆ ಇರುತ್ತವೆ. ಅಧಿಕಾರಿ ಕೈಗವಸು ತೊಟ್ಟು ಒಂದು ಆನೆಯನ್ನು ಬೆಳಕಿಗೆ ಹಿಡಿದರು.

“ಇದೇನು?”

“ಸಕ್ಕರೆ, ಸರ್.”

“ಬರೀ ಸಕ್ಕರೆಯೇ?”

ಹಬ್ಬವನ್ನು ವಿವರಿಸಲು ನನ್ನ ಕಾನ್ವೆಂಟ್ ಇಂಗ್ಲಿಷ್ ಸಾಲಲಿಲ್ಲ. ಆನೆಯ ಸೊಂಡಿಲು ಮುರಿದು ಅವರೆದುರೇ ಕಟಕಟ ಅಗಿದು ನುಂಗಿದೆ. ಸೊಂಡಿಲಿಲ್ಲದ ಆನೆಯನ್ನು ಅವರು ಮತ್ತೆ ಹತ್ತಿಯಲ್ಲಿ ಸುತ್ತಿ, ನನ್ನ ಸೀರೆಯ ಬ್ಲೌಸುಗಳ ನಡುವೆ ಮಗುವನ್ನು ಮಲಗಿಸಿದ ಹಾಗೆ ಇಟ್ಟರು.

ಶಶಿ ಹೊರಗೆ ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅಪ್ಪಿಕೊಂಡಳು, ಆದರೆ ಪ್ರಯಾಣ ಹೇಗಾಯಿತು ಎಂದು ಕೇಳಲಿಲ್ಲ.

“ಊರಾಗ ಯಾರ ಜೋಡಿನೂ ಈ ಅರ್ಜಿ ಮಾತು ತಗೀಬ್ಯಾಡ ಅಕ್ಕಾ. ಈಗ ಎಲ್ಲಾ ಛಲೋ ನಡದೈತಿ.”

ಶಶಿಯ ಓಣಿ

ಹಳ್ಳಿ ಗುಡ್ಡದ ಇಳಿಜಾರಿನಲ್ಲಿದೆ. ನಮ್ಮಲ್ಲಿ ಆ ದಿನಗಳಲ್ಲಿ ಬಿಳಿಜೋಳ ಎದೆಮಟ್ಟ ಬಂದು ಹೊಲವೆಲ್ಲ ಸರಸರ ಎನ್ನುತ್ತಿರುತ್ತದೆ. ಇಲ್ಲಿ ಮಂಜು ಬಂದು ಕಿಟಕಿಗೆ ಅಂಟಿಕೊಂಡರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಪ್ರತಿ ಮನೆಯ ಕಟ್ಟಿಗೆ ಒಂದೇ ಅಳತೆಗೆ ಕಡಿದು ಒಟ್ಟಿದ್ದು, ಕಿಟಕಿಯ ಪರದೆಗಳು ಅರ್ಧಕ್ಕೆ ನಿಂತಿವೆ. ಯಾರೂ ಹೊರಗೆ ಬಂದು ನೋಡುವುದಿಲ್ಲ, ಆದರೂ ನಾವು ದಾಟುವಾಗ ಒಳಗೆ ನೆರಳು ಸರಿಯುತ್ತದೆ. ಎದುರು ಸಿಕ್ಕವರೆಲ್ಲ “ಗ್ರೂಎಟ್ಸಿ” ಎನ್ನುತ್ತಾರೆ. ಅದು ಅವರ ಶರಣು.

ಅರ್ಜಿ ಹಾಕಿದವರನ್ನು ಊರಿನ ಸಮಿತಿಯೊಂದು ಮೊದಲು ಕರೆದು ಪರೀಕ್ಷೆ ಮಾಡುತ್ತದೆಯಂತೆ. ಶಶಿ ಅದನ್ನು ನಗುತ್ತಲೇ ಹೇಳಿದಳು.

“ಎದುರಿನ ಗುಡ್ಡದ ಹೆಸರು ಕೇಳಿದ್ರು, ಹೇಳಿದ್ನಿ. ಹಳಿ ಪೇಪರ್ ರದ್ದಿ ಹೆಂಗ ಕಟ್ಟಬೇಕು ಅಂದ್ರು. ಅಡ್ಡ ಒಂದು, ಉದ್ದ ಒಂದು, ದಾರಲೆ. ಯಾವ ಸಂಘದಾಗ ಅದೀರಿ ಅಂದ್ರು. ಹೆಣ್ಣಮಕ್ಕಳ ವ್ಯಾಯಾಮದ ಸಂಘ ಅಂದ್ನಿ.”

“ನೀ ವ್ಯಾಯಾಮ ಮಾಡ್ತೀದಿ?”

“ಬುಧವಾರಕ್ಕೊಮ್ಮೆ ಚೆಂಡಿನ ಮ್ಯಾಲ ಕುಂದರ್ತೇನಿ. ಬಿದ್ರ ಎಲ್ಲಾರೂ ಚಪ್ಪಾಳಿ ಹೊಡೀತಾರ.”

ನಗು ಮುಗಿದ ಮೇಲೆ ನಾನು ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಆ ದೇಶದವಳಾದರೆ ನಮ್ಮ ಪಾಸ್‌ಪೋರ್ಟು ಒಪ್ಪಿಸಬೇಕು. ಮಸೂತಿಯ ಹುಡುಗಿ ಮಸೂತಿಗೆ ವೀಸಾದ ಹಂಗಿನಲ್ಲಿ ಬರಬೇಕು. ಅಷ್ಟೊಂದು ಯಾಕೆ? ಕೆಲಸವಿದೆ, ಮನೆಯಿದೆ, ಇರಬಾರದೇನು ಹೀಗೇ?

ಅವಳು ಗ್ಯಾಸಿನ ಮುಂದೆ ನನಗೆ ಬೆನ್ನು ಮಾಡಿ ನಿಂತೇ ಉತ್ತರಿಸಿದಳು.

“ವೋಟು ಬರೂ ವಯಸ್ಸಿನ್ಯಾಗ ಹಾಸ್ಟೆಲ್‌ದಾಗ ಇದ್ನಿ, ಆಮ್ಯಾಲ ಇಲ್ಲಿಗೆ ಬಂದ್ನಿ. ಹ್ವಾದ ವರ್ಷ ವೃದ್ಧಾಶ್ರಮದಾಗ ರಾತ್ರಿ ನರ್ಸ್ ಒಬ್ರ ಸಾಕು ಅಂತ ಊರ ಸಭಾದಾಗ ಠರಾವು ಮಾಡಿದ್ರು. ರಾತ್ರಿ ಅಲ್ಲಿ ಏನಾಗತೈತಿ ನನಗ ಗೊತ್ತು. ಮಾತಾಡಾಕ ಬರಂಗಿಲ್ಲ, ಕೈ ಎತ್ತಾಕ ಬರಂಗಿಲ್ಲ. ಗ್ವಾಡಿಗೆ ಹಚ್ಚಿದ ಕುರ್ಚಿ ಮ್ಯಾಲ ಕುಂತು ನೋಡಿದ್ನಿ. ಈ ವಯಸ್ಸಿಗೆ ಬಂದೀನಿ ಅಕ್ಕಾ, ‘ಶಶಿ, ನಿನಗ ಏನ ಅನಸ್ತೈತಿ’ ಅಂತ ಯಾವ ಊರೂ ಒಂದ್ ಸಲಾನೂ ನನ್ನ ಕೇಳಿಲ್ಲ.”

ನಮ್ಮ ಸಿಂದಗಿಯ ವಾರ್ಡ್ ಸಭೆ ಕಣ್ಣ ಮುಂದೆ ಬಂತು. ಶಾಮಿಯಾನದ ಮೊದಲ ಸಾಲಿನಲ್ಲಿ ಸದಸ್ಯೆಯ ಗಂಡ, ಹಿಂದೆ ಸದಸ್ಯೆ. ಹೆಣ್ಣುಮಕ್ಕಳು ಸಹಿ ಮಾಡಿ ಚಹಾ ಕುಡಿಯುವಷ್ಟರಲ್ಲಿ ಠರಾವು ಪಾಸಾಗಿರುತ್ತದೆ. ನಮ್ಮನ್ನು ಕೇಳುವ ಕಾಯಿದೆ ಇದೆ, ಕುರ್ಚಿಯೂ ಇದೆ. ಯಾರೂ ಕೇಳುವುದಿಲ್ಲ ಎಂಬುದು ನಮಗೆ ಅಷ್ಟು ಚುಚ್ಚುವುದಿಲ್ಲ. ಇವಳಿಗೆ ಚುಚ್ಚಿತ್ತು.

ಹುಣ್ಣಿಮೆಯ ದಿನ ಶಶಿ ಬೆಳಿಗ್ಗೆ ಡ್ಯೂಟಿಗೆ ಹೋದಳು. ಮನೆಯಲ್ಲಿ ಅವ್ವನ ಹೆಸರು ಕೊರೆಸಿದ ಸ್ಟೀಲ್ ತಾಟುಗಳಿದ್ದವು, ಶಶಿ ಊರಿಂದ ಒಯ್ದವು. ಹಬ್ಬದ ದಿನ ಓಣಿಯ ಮನೆಗಳಿಗೆ ತಾಟು ಹೋಗದಿದ್ದರೆ ನಮಗೆ ಹಬ್ಬವಾದಂತಲ್ಲ. ಸಿಂದಗಿಯಲ್ಲಿ ಪಕ್ಕದ ಶಹನಾಜ್ ಭಾಭಿಯ ಮನೆಗೆ ನನ್ನ ತಾಟು ಒಂದು ವರ್ಷವೂ ತಪ್ಪಿಲ್ಲ, ಅವರ ಈದಿನ ಬಟ್ಟಲು ನಮ್ಮಲ್ಲಿಗೂ ತಪ್ಪಿಲ್ಲ. ಇಲ್ಲಿ ಹಾಗೇಕೆ ಬಿಡಬೇಕು? ಪ್ರತಿ ತಾಟಿಗೆ ಹೋಳಿಗೆ, ಒಂದು ಸಕ್ಕರೆ ಗೊಂಬೆ, ಮೇಲೆ ಕರವಸ್ತ್ರ. ಓಣಿಯ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಒಂದೂ ಮನೆ ಬಿಡದೆ ಕೊಟ್ಟು ಬಂದೆ.

ಎದುರುಮನೆಯ ಎಲ್ಸ್‌ಬೆತ್, ನಿವೃತ್ತ ಶಿಕ್ಷಕಿ, ಇಂಗ್ಲಿಷ್ ಬಲ್ಲವರು, ನವಿಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಹೆಚ್ಚಿನ ಮನೆಗಳಲ್ಲಿ ಬಾಗಿಲು ಅರ್ಧ ತೆರೆಯಿತು, ಧನ್ಯವಾದ ಹೇಳಿದರು, ಬಾಗಿಲು ಮುಚ್ಚಿತು. ಆಕಳುಗಳ ಕೊಟ್ಟಿಗೆ ಇರುವ ಟೋನಿ ಎಂಬವರು ತಾಟನ್ನು ಎರಡೂ ಕೈಯಿಂದ ಹಿಡಿದು, ನಾನು ಗೇಟು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದರು. ಮರ್ಯಾದಸ್ಥರು ಅಂದುಕೊಂಡೆ.

ಸಂಜೆ ಹೇಳಿದಾಗ ಶಶಿಯ ಮುಖದ ಬಣ್ಣ ಹೋಯಿತು.

“ಎಲ್ಲಾ ಮನಿಗೂ ಕೊಟ್ಟಿ?”

“ಹೂಂ. ಯಾಕ?”

“ಸಭಾ ಎಂಟು ದಿನದ ಮ್ಯಾಲ ಐತಿ. ಇಷ್ಟ್ ವರ್ಷ ನಾ ಒಂದ್ ಉಂಡೀನೂ ಯಾರಿಗೂ ಕೊಟ್ಟಿಲ್ಲ. ಈಗ ಓಣಿ ತುಂಬ ಹಂಚಿದ್ರ ಅವರು ಏನ್ ತಿಳ್ಕೋತಾರ ಹೇಳು.”

ಆಗ ನನಗೆ ಹೊಳೆಯಿತು.

ಮರುದಿನದಿಂದ ತಾಟುಗಳು ಹಿಂದಿರುಗತೊಡಗಿದವು. ತೊಳೆದು ಒರೆಸಿ, ಕರವಸ್ತ್ರ ಇಸ್ತ್ರಿ ಮಾಡಿ, ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ಎಲ್ಲವೂ ಖಾಲಿ. ನಮ್ಮಲ್ಲಿ ಖಾಲಿ ತಾಟು ಮರಳಿಸುವುದಿಲ್ಲ, ಏನಿಲ್ಲದಿದ್ದರೂ ನಾಲ್ಕು ಕಾಳು ಸಕ್ಕರೆ ಹಾಕುತ್ತೇವೆ. “ಅವರಿಗೆ ಅದು ಗೊತ್ತಿಲ್ಲ, ಮನಸ್ಸಿಗೆ ಹಚ್ಕೋಬ್ಯಾಡ,” ಎಂದಳು ಶಶಿ. ಆದರೆ ಅವಳೂ ಪ್ರತಿ ಸಂಜೆ ತಾಟುಗಳನ್ನು ನೋಡುತ್ತಿದ್ದಳು. ಒಂದು ಮಾತ್ರ ಬರಲಿಲ್ಲ, ಟೋನಿಯವರದು.

ಶಾಲೆಯ ಹಾಲ್

ಸಭೆ ಶಾಲೆಯ ವ್ಯಾಯಾಮದ ಹಾಲಿನಲ್ಲಿ. ಮಕ್ಕಳು ಹತ್ತುವ ಹಗ್ಗಗಳನ್ನು ಮೇಲಕ್ಕೆ ಕಟ್ಟಿ ಕುರ್ಚಿ ಹಾಕಿದ್ದರು. ಮೊದಲ ಸಾಲು ಯಾರಿಗೂ ಮೀಸಲಿಲ್ಲ. ಊರಿನ ಅಧ್ಯಕ್ಷರೇ ಮೈಕಿನ ವೈರು ಬಿಚ್ಚಿ ಸರಿ ಮಾಡುತ್ತಿದ್ದರು. ಮತವಿಲ್ಲದವರ ಕುರ್ಚಿಗಳು ಬೇರೆ, ಪಕ್ಕದ ಗೋಡೆಗೆ. ಅಲ್ಲಿ ನಾನು, ಇನ್ನು ಇಬ್ಬರು ಮೂವರು. ನನ್ನ ಪಕ್ಕದಲ್ಲಿ ಸೆಲ್ವಂ ಎಂಬವರು, ಶ್ರೀಲಂಕಾದ ತಮಿಳರು, ಊರಿನ ಹೋಟೆಲಿನಲ್ಲಿ ಅಡುಗೆಯವರು. ಶಶಿಯ ಓಣಿಯ ಕೆಳತುದಿಯ ಬಾಡಿಗೆ ಕೋಣೆಯಲ್ಲಿ ಇರುವವರು. ನನಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಅರ್ಥ ಹೇಳತೊಡಗಿದರು.

“ನನ್ನ ಹೆಸರನ್ನೂ ಇಲ್ಲಿ ಓದಿದ್ದರು. ಒಬ್ಬರು ಎದ್ದು, ಈ ಮನುಷ್ಯ ಊರಿನ ಕಾರ್ಯಕ್ರಮಗಳಲ್ಲಿ ಕಾಣುವುದೇ ಇಲ್ಲ ಎಂದರು. ಹೆಚ್ಚಿನ ಕೈ ಆ ಕಡೆಗೇ ಎದ್ದವು.”

“ನೀವು ಹೋಗುತ್ತಿರಲಿಲ್ಲವೇ?”

“ಅಮ್ಮಾ, ಅವರು ಕಾರ್ಯಕ್ರಮ ಮುಗಿಸಿ ಊಟಕ್ಕೆ ಕೂತಾಗ ನಾನು ಅಡುಗೆಮನೆಯಲ್ಲಿ ಇರುತ್ತೇನೆ. ನನ್ನ ಸಾರು ಕಾಣುತ್ತದೆ, ನಾನು ಹೇಗೆ ಕಾಣಲಿ?” ಎಂದು ನಕ್ಕರು. “ಈಗ ಪ್ರತಿ ಸಭೆಗೂ ರಜೆ ಹಾಕಿ ಬಂದು ಇಲ್ಲಿ ಕೂರುತ್ತೇನೆ. ಕಾಣಲಿ ಅಂತ.”

ಶಶಿಯ ಸರದಿ ಬಂತು. ಕಂದು ಕೋಟು ತೊಟ್ಟು ಮುಂದೆ ನಿಂತು ಅವರ ಭಾಷೆಯಲ್ಲಿ ಏನೋ ಹೇಳಿದಳು. ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ಪದ್ಯ ಒಪ್ಪಿಸುವಾಗಿನ ಹಾಗೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು. ಆಮೇಲೆ ಹೊರಗೆ ಹೋದಳು. ಬಾಗಿಲು ಮುಚ್ಚಿತು.

“ಯಾರೂ ಏಳದಿದ್ದರೆ ಈಗಲೇ ಮುಗಿಯುತ್ತದೆ,” ಎಂದರು ಸೆಲ್ವಂ. “ವಿರೋಧಿಸುವವರು ಎದ್ದು ಕಾರಣ ಹೇಳಬೇಕು.”

ಅಧ್ಯಕ್ಷರು ಸಾಲುಗಳನ್ನು ನೋಡಿದರು. ಯಾರೋ ಕೆಮ್ಮಿದರು. ನಡುವಿನ ಸಾಲಿನಿಂದ ಟೋನಿ ಎದ್ದರು. ಕೈಚೀಲದಿಂದ ಏನನ್ನೋ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಅದಕ್ಕೆ ಅರ್ಥ ಹೇಳುವವರು ನನಗೆ ಬೇಕಿರಲಿಲ್ಲ. ಅವ್ವನ ತಾಟು. ಕರವಸ್ತ್ರವೂ ಹಾಗೇ ಇತ್ತು. ಹೋಳಿಗೆಯನ್ನು ಅವರು ಮುಟ್ಟಿಯೇ ಇರಲಿಲ್ಲ.

ಸೆಲ್ವಂ ಈಗ ಟೋನಿಯವರ ಮಾತನ್ನು ತಡೆತಡೆದು ಹೇಳುತ್ತಿದ್ದರು. “ಈ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಾಯಿಯನ್ನು ಅವರೇ ನೋಡಿಕೊಳ್ಳುತ್ತಾರೆ. ಆದರೆ ಇಷ್ಟು ವರ್ಷ ಇಲ್ಲದ್ದು, ಮತದ ಮುಂಚಿನ ವಾರ ಮನೆಮನೆಗೆ ಬಂದಿದೆ. ನಮ್ಮಲ್ಲಿ ಹೀಗೆ ಮಾಡುವುದಿಲ್ಲ. ಇದು ತಿಳಿಯದವರು ಇನ್ನಷ್ಟು ಕಾಲ ಕಾಯಲಿ. ಅರ್ಜಿ ತಿರಸ್ಕರಿಸಬೇಕೆಂದು ನನ್ನ ಸೂಚನೆ.”

ಹಾಲಿನಲ್ಲಿ ಗುಜುಗುಜು ಎದ್ದಿತು. ಕೆಲವರು ತಲೆದೂಗುತ್ತಿದ್ದರು. ಶಶಿ ಬಾಗಿಲ ಆಚೆಗಿದ್ದಳು, ಉತ್ತರ ಕೊಡಬೇಕಾದವಳು ಅವಳಲ್ಲ, ಮಾಡಿದವಳು ನಾನು ಇಲ್ಲಿ ಕೂತಿದ್ದೆ. ನಾನು ಎದ್ದು ನಿಂತೆ.

ಜನ ಗೋಡೆಯ ಕಡೆ ತಿರುಗಿದರು. ಅಧ್ಯಕ್ಷರು ಸೌಮ್ಯವಾಗಿ ಏನೋ ಹೇಳಿ, ಕೂರುವಂತೆ ಕೈ ಮಾಡಿದರು.

“ಅತಿಥಿಗಳು ಮಾತಾಡುವಂತಿಲ್ಲ,” ಎಂದು ಸೆಲ್ವಂ ನನ್ನ ಸೆರಗು ಜಗ್ಗಿದರು.

ನಾನು ಕೂರಲಿಲ್ಲ, ಮಾತಾಡಲೂ ಇಲ್ಲ. ಎಲ್ಸ್‌ಬೆತ್ ಎದ್ದು ಅಧ್ಯಕ್ಷರಿಗೆ ಏನೋ ಕೇಳಿದರು. ಅಧ್ಯಕ್ಷರು ಸಭೆಯನ್ನು ಕೇಳಿದರು. ಎಲ್ಲೆಡೆ ಕೈಗಳು ಎದ್ದವು. ನನಗೆ ಮಾತಾಡಲು ಬಿಡಬೇಕೋ ಬೇಡವೋ ಎಂಬುದಕ್ಕೂ ಮತ. ಸಿಂದಗಿಯಲ್ಲಿ ಮತವಿದ್ದರೂ ನನಗೆ ಅಲ್ಲಿ ಯಾರೂ ಕೊಡದ ಮಾತನ್ನು ಈ ಅಪರಿಚಿತರು ಕೈ ಎತ್ತಿ ಕೊಟ್ಟರು.

ಎಲ್ಸ್‌ಬೆತ್ ಪಕ್ಕದಲ್ಲಿ ಬಂದು ನಿಂತು ಒಂದೊಂದೇ ವಾಕ್ಯವನ್ನು ಜರ್ಮನ್ ಮಾಡಿದರು. ತಾಟು ನನ್ನದು, ತಂಗಿಗೆ ಗೊತ್ತಿರಲಿಲ್ಲ, ಗೊತ್ತಾದಾಗ ಅವಳು ನೊಂದುಕೊಂಡಳು, ಅಂದು ನಮ್ಮ ಹಬ್ಬವಾಗಿತ್ತು ಎಂದೆ. ನನ್ನ ಧ್ವನಿ ನನಗೇ ದೂರದಿಂದ ಕೇಳುತ್ತಿತ್ತು.

ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದರು. ಪ್ರಶ್ನೆ ನೇರವಾಗಿತ್ತು. “ನಿಮ್ಮ ದೇಶದಲ್ಲಿ ಮತದಾನಕ್ಕೆ ಮುಂಚೆ ಮನೆಗಳಿಗೆ ಸಾಮಾನು ಬರುತ್ತವೆಯೇ?”

ಇಲ್ಲ ಎನ್ನಬಹುದಿತ್ತು. ಅಲ್ಲಿ ಯಾರಿಗೆ ಸಿಂದಗಿ ಗೊತ್ತು? ಸೆಲ್ವಂ ನೆಲ ನೋಡುತ್ತಿದ್ದರು. ಬಾಗಿಲ ಗಾಜಿನಲ್ಲಿ ಶಶಿಯ ಕೋಟಿನ ತೋಳು ಕಾಣುತ್ತಿತ್ತು.

“ಬರುತ್ತವೆ,” ಎಂದೆ. “ಸೀರೆ ಬರುತ್ತದೆ. ಕುಕ್ಕರ್ ಬರುತ್ತದೆ.”

ಎಲ್ಸ್‌ಬೆತ್ ಒಂದು ಗಳಿಗೆ ನನ್ನನ್ನು ನೋಡಿ, ಆಮೇಲೆ ಅದನ್ನು ಹಾಗೆಯೇ ಹೇಳಿದರು. ಕೆಡಿಸಿಬಿಟ್ಟೆ ಅನಿಸಿತು. ಬಾಯಿ ಮಾತ್ರ ನಿಲ್ಲಲಿಲ್ಲ.

“ಅವನ್ನು ತರುವವರು ಬಾಗಿಲಲ್ಲಿ ನಿಂತು ಮೊದಲು ಕೇಳುವುದು, ಮನೆಯಲ್ಲಿ ಎಷ್ಟು ವೋಟು ಎಂದು. ಹಾಸಿಗೆ ಹಿಡಿದ ಅಜ್ಜಿಗೂ ವೋಟಿದ್ದರೆ ಸೀರೆ ಇದೆ. ನಮ್ಮ ಎದುರಿಗೆ ಬಾಡಿಗೆಗೆ ಬಂದವರಿಗೆ ಇಲ್ಲ, ಅವರ ವೋಟು ಬೇರೆ ಊರಲ್ಲಿ. ನಾನು ಈ ಓಣಿಯಲ್ಲಿ ಯಾರ ಮನೆಯಲ್ಲೂ ಅದನ್ನು ಕೇಳಲಿಲ್ಲ. ಯಾರಿಗೆ ವೋಟಿದೆ, ಯಾರಿಗಿಲ್ಲ ಎಂದು ಆ ದಿನ ನನಗೆ ಗೊತ್ತೇ ಇರಲಿಲ್ಲ.”

“ನನಗಿಲ್ಲ,” ಎಂದರು ಸೆಲ್ವಂ, ಕೂತಲ್ಲಿಂದಲೇ, ಜರ್ಮನಿನಲ್ಲಿ. “ನನಗೂ ತಾಟು ಬಂತು. ಸೊಂಡಿಲಿಲ್ಲದ ಆನೆ ಬಂತು.”

ಅಲ್ಲಲ್ಲಿ ನಗು ಹರಿಯಿತು. ಟೋನಿ ನಗಲಿಲ್ಲ. ತಾಟನ್ನು ಕುರ್ಚಿಯ ಕೆಳಗಿಟ್ಟು ಮತ್ತೆ ಎದ್ದರು. “ತಾಟಿನ ಮಾತು ಬಿಟ್ಟೆ. ಕೇಳುವುದು ನನ್ನ ಹಕ್ಕು, ಕೇಳಿದೆ. ಸೂಚನೆ ಇದೆ, ಸಭೆಯೇ ನಿರ್ಧರಿಸಲಿ,” ಎಂದು ಕೂತರು. ಆ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಮ್ಮ ಸಭೆಗಳಲ್ಲಿ ಅಧ್ಯಕ್ಷರೆದುರು ಹೀಗೆ ಎದ್ದು ನಿಂತು, ನಗೆಗೀಡಾಗಿ, ಆಮೇಲೂ ತಲೆಯೆತ್ತಿ ಕೂತವರನ್ನು ನಾನು ಕಂಡಿಲ್ಲ.

ಮೊದಲು ಶಶಿಯನ್ನು ಒಪ್ಪುವವರ ಕೈ. ಎಣಿಸುವವರು ಸಾಲುಗಳ ನಡುವೆ ಬೆರಳು ಆಡಿಸುತ್ತ ನಡೆದರು. ಆಮೇಲೆ ಒಪ್ಪದವರ ಕೈ. ಸಾಲುಗಳಲ್ಲಿ ಕೂತವರಿಗೆ ತಮ್ಮ ಹಿಂದಿನವರ ಕೈ ಕಾಣುವುದಿಲ್ಲ. ಗೋಡೆಯ ಕುರ್ಚಿಯಿಂದ ಎಲ್ಲವೂ ಕಾಣುತ್ತದೆ. ನಾನು ಎಣಿಸಲಿಲ್ಲ, ಮುಖಗಳನ್ನು ನೋಡಿದೆ. ನಮ್ಮಲ್ಲಿ ರಟ್ಟಿನ ಮರೆಯಲ್ಲಿ ಗುಂಡಿ ಒತ್ತಿ ಬರುತ್ತೇವೆ, ಯಾರು ಯಾರನ್ನು ಬೇಡವೆಂದರೋ ದೇವರಿಗೇ ಗೊತ್ತು, ಮರುದಿನ ಒಂದೇ ನಳದಲ್ಲಿ ನೀರು ಹಿಡಿಯುತ್ತೇವೆ. ಆ ರಟ್ಟಿನ ತುಂಡಿನಲ್ಲಿ ಎಷ್ಟು ಕರುಣೆ ಇದೆ ಎಂದು ಆ ಹೊತ್ತಿನವರೆಗೆ ನಾನು ಯೋಚಿಸಿರಲಿಲ್ಲ. ಒಪ್ಪದವರಲ್ಲಿ ಒಂದು ಕೈ ನಾನು ಕನಸಿನಲ್ಲೂ ನೆನೆಸಿರದದ್ದು. ಮೊಣಕೈಯವರೆಗೆ ಮಾತ್ರ ಎದ್ದಿತು, ಎಣಿಸುವವರು ದಾಟಿದ ಕೂಡಲೇ ಇಳಿಯಿತು. ಯಾರದೆಂದು ಇಲ್ಲಿ ಬರೆಯುವುದಿಲ್ಲ.

ಅಧ್ಯಕ್ಷರು ಫಲಿತಾಂಶ ಓದಿದರು. ಸೆಲ್ವಂ ಅರ್ಥ ಹೇಳುವುದನ್ನು ಮರೆತು ನನ್ನ ಕೈ ಹಿಡಿದು ಕುಲುಕಿದರು. ಊರು ಶಶಿಯನ್ನು ಒಪ್ಪಿತ್ತು.

ಇಳಿಜಾರು

ಹೊರಗೆ ಮಕ್ಕಳು ಚಪ್ಪಲಿ ಬಿಡುವ ಮೋಟು ಬೆಂಚಿನ ಮೇಲೆ, ತೂಗುಬಿಟ್ಟ ಪುಟ್ಟ ಟೊಪ್ಪಿಗೆಗಳ ಕೆಳಗೆ, ಅವಳು ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದಳು. ಕರೆಯಲು ಹೋದ ನಾನು ಏನೂ ಹೇಳುವ ಮೊದಲೇ ಒಳಗಿನ ಚಪ್ಪಾಳೆ ಅವಳಿಗೆ ಕೇಳಿಸಿತು. ಕಣ್ಣೊರೆಸಿಕೊಂಡು ಒಳಗೆ ಬಂದು ಎಲ್ಲರಿಗೂ ತಲೆಬಾಗಿದಳು. ಮುಂದಿನ ವಿಷಯ ರಸ್ತೆ ದೀಪದ್ದು. ಮೇಲಿನ ಸರಕಾರಗಳ ಮುದ್ರೆ ಬೀಳುವವರೆಗೆ ಅವಳಿಗಿನ್ನೂ ಮತವಿಲ್ಲ. ಆದ್ದರಿಂದ ಅದೇ ಚಪ್ಪಾಳೆಯ ನಡುವೆ ಬಂದು ಗೋಡೆಯ ಕುರ್ಚಿಯಲ್ಲಿ ನನ್ನ ಪಕ್ಕ ಕೂತಳು. ದೀಪಕ್ಕೆ ಕೈಗಳು ಎದ್ದಾಗ ಅವಳ ಕೈ ಮಡಿಲಲ್ಲಿ ಮಡಚಿಕೊಂಡಿತ್ತು.

ಸಭೆ ಮುಗಿದು ಮನೆಗೆ ಇಳಿಯುವಾಗ ನಮ್ಮ ಹಿಂದೆ ಮುಂದೆ ಜನರಿದ್ದರು. ಎಲ್ಲರೂ ಅಭಿನಂದಿಸಿ ಕೈ ಕುಲುಕುತ್ತಿದ್ದರು. ಆ ಮೊಣಕೈಯವರೆಗೆ ಎದ್ದ ಕೈ ಕೂಡ ಬಂದು ಅವಳ ಕೈ ಹಿಡಿಯಿತು. ಶಶಿ ಅದನ್ನು ಎರಡೂ ಕೈಯಿಂದ ಹಿಡಿದು ಮಾತಾಡಿದಳು. ನಾನು ಬೇರೆ ಕಡೆ ನೋಡಿದೆ.

ಮಂದಿ ಚದುರಿದ ಮೇಲೆ ತಡೆಯದೆ ಅಂದೆ, “ಶಶಿ, ಯಾರ್ಯಾರು ಬ್ಯಾಡ ಅಂತ ಎತ್ತಿದ್ರು, ಎಲ್ಲಾ ನೋಡೀನಿ.”

“ಗೊತ್ತು ಅಕ್ಕಾ. ಆ ಕುರ್ಚಿ ಮ್ಯಾಲ ನಾನೂ ಕುಂತೀನಲ್ಲ. ಹೇಳಬ್ಯಾಡ.”

“ಒಂದ್ ಹೆಸರರ ಕೇಳು. ನೀ ಹುಷಾರ್ ಇರಬೇಕವಾ.”

ಅವಳು ನಿಂತಳು. ಇಳಿಜಾರಿನ ಕೆಳಗೆ ವೃದ್ಧಾಶ್ರಮದ ಕಿಟಕಿಗಳಲ್ಲಿ ಬೆಳಕಿತ್ತು.

“ನಾಳಿ ಮುಂಜಾನೆದ್ದು ಇವರೆಲ್ಲಾರ ಅವ್ವ-ಅಪ್ಪನ ಮೈ ತೊಳೀಬೇಕು ನಾ,” ಎಂದಳು. “ಆಗ ನೀರು ಎಷ್ಟ ಬಿಸಿ ಐತಿ ಅನ್ನೂದು ಬಿಟ್ಟು ಬ್ಯಾರೆ ಏನೂ ನನ್ನ ತಲ್ಯಾಗ ಇರಬಾರದು.”